ನೀರಿನಲ್ಲಿ ಎಷ್ಟು ಹೊತ್ತು

ಗುರುವಾರ ನಮ್ಮ ಕಡೆ ಆಲೂಗಡ್ಡೆ ಕಡುಬಿನ ದಿನ. ಆ ವರ್ಷ ಅಕ್ಟೋಬರ್ ತಿಂಗಳ ಎರಡನೆಯ ಗುರುವಾರವೂ ಕಡುಬು ಮಾಡಿ, ಉಪ್ಪಿನಲ್ಲಿಟ್ಟ ಕುರಿಮಾಂಸ ಬೇಯಿಸಿದ್ದೆ. ಮೇಜಿಗೆ ಕೂತಿದ್ದವರು ನಾಲ್ಕು ಜನ. ನಾನು, ನನ್ನ ಗಂಡ ಟೋಲೆಫ್, ಮಗಳು ಹೆರ್ಡಿಸ್, ಅವಳ ಮಗಳು ಉನ್ನಿ. ಅಳಿಯ ಎಣ್ಣೆ ಹಡಗಿನ ಕೆಲಸದಲ್ಲಿದ್ದ. ವರ್ಷಕ್ಕೊಂದು ಸಲ ಬಂದು, ಬಾಗಿಲಿಗೆಲ್ಲ ಬಣ್ಣ ಬಳಿದು, ಬಣ್ಣ ಒಣಗುವುದರೊಳಗೆ ಹೊರಟುಬಿಡುತ್ತಿದ್ದ.

ಉನ್ನಿಗೆ ಹದಿಮೂರು. ಶಾಲೆಯಿಂದ ಒಂದು ಕಾಗದ ತಂದು ಅಜ್ಜನ ತಟ್ಟೆಯ ಪಕ್ಕ ಇಟ್ಟಳು.

"ಶಾಲೆಗೆ ಬೊಂಬೆ ಬಂದಿದೆ ಅಜ್ಜ. ಸ್ಟಾವಾಂಗರ್‌ನಿಂದ ದೋಣೀಲಿ ಬಂತು. ನಾರ್ವೆಯ ಎಲ್ಲಾ ಶಾಲೆಗೂ ಕೊಡ್ತಾರಂತೆ."

"ಹದಿಮೂರು ವರ್ಷದವರಿಗೆ ಬೊಂಬೆನಾ? ಮುಂದಿನ ವರ್ಷ ತೊಟ್ಟಿಲು ತರಿಸ್ತಾರೇನೋ."

"ಆಡೋ ಬೊಂಬೆ ಅಲ್ಲ. ಮನುಷ್ಯರಷ್ಟು ಉದ್ದ ಇದೆ. ಉಸಿರು ನಿಂತವರಿಗೆ ಉಸಿರು ಕೊಡೋದನ್ನ ಅದರ ಮೇಲೆ ಕಲೀಬೇಕು. ಬಾಯಿಗೆ ಬಾಯಿಟ್ಟು ಊದೋದು."

"ಇಡೀ ಶಾಲೆಯವರು ಒಂದೇ ಬಾಯಿಗೆ?"

"ಒಬ್ಬೊಬ್ಬರದು ಆದಮೇಲೂ ಸ್ಪಿರಿಟ್ ಹಚ್ಚಿ ಒರೆಸ್ತಾರೆ."

"ಸ್ಪಿರಿಟ್ ಅಂದ್ರೆ ಪಕ್ಕದ ಮನೆ ಪೆಡೆರ್ ಸಾಲಿನಲ್ಲಿ ಮೊದಲು ನಿಲ್ತಾನೆ ಬಿಡು."

ಎಲ್ಲರೂ ನಕ್ಕೆವು. ಟೋಲೆಫ್ ಕಡುಬಿನ ಮೇಲೆ ಕರಗಿಸಿದ ಕೊಬ್ಬು ಸುರಿದುಕೊಳ್ಳುತ್ತಾ, "ನಿನಗೆ ಆ ಕಾಗದ ಯಾಕೆ? ನನ್ನ ಹತ್ರ ಕಲಿತಿದ್ದೀಯಲ್ಲ, ಹೆಸರು ಸುಟ್ಟ ಬೆಂಡೂ ಸಿಕ್ಕಿದೆ" ಎಂದ.

"ಅದು ಹಳೇದು ಅಜ್ಜ. ಬೆನ್ನು ಒತ್ತಿ ತೋಳು ಎತ್ತಿದ್ರೆ ಒಳಗೆ ಗಾಳಿ ಹೋಗೋದೇ ಅಷ್ಟಕ್ಕಷ್ಟೇ ಅಂತೆ. ಇನ್ಮೇಲೆ ಯಾರಿಗೂ ಹಾಗೆ ಮಾಡಬೇಡಿ ಅಂದ್ರು ಲುಂಡೆ ಮೇಷ್ಟ್ರು. ಉಳೀಬಹುದಾಗಿದ್ದೋರು ಎಷ್ಟೋ ಜನ ಹಾಗೆ ಮಾಡಿದ್ದಕ್ಕೇ ಹೋದ್ರಂತೆ."

"ಊಟ ಮಾಡು" ಎಂದಳು ಹೆರ್ಡಿಸ್.

"ನಾನು ಹೇಳ್ತಿರೋದಲ್ಲಮ್ಮ, ಮೇಷ್ಟ್ರು—"

"ಬಾಯಲ್ಲಿರೋದನ್ನ ಮೊದಲು ನುಂಗು."

ಟೋಲೆಫ್ ಎದ್ದು ಕೋಳಿಗೂಡಿನ ಅಗುಳಿ ಹಾಕಿದೆಯೋ ಇಲ್ಲವೋ ನೋಡಿಬರುತ್ತೇನೆ ಎಂದು ಹೊರಗೆ ಹೋದ. ಬೆಳಕು ಇನ್ನೂ ಇತ್ತು, ಕೋಳಿಗಳು ಅಂಗಳದಲ್ಲೇ ಓಡಾಡುತ್ತಿದ್ದವು. ಅವನ ತಟ್ಟೆಯಲ್ಲಿ ಎರಡು ಕಡುಬು ಹಾಗೆಯೇ ಉಳಿದವು. ಕಾಗದಕ್ಕೆ ಯಾರೂ ರುಜು ಹಾಕಲಿಲ್ಲ.

ನಮ್ಮ ದ್ವೀಪದಲ್ಲಿ ಒಂದು ಪದ್ಧತಿ ಇತ್ತು. ಹತ್ತು ತುಂಬಿದ ಮಕ್ಕಳು ಟೋಲೆಫ್‌ನ ದೋಣಿಮನೆಗೆ ಹೋಗಿ, ಮುಳುಗಿದವರನ್ನು ಬದುಕಿಸುವುದನ್ನು ಕಲಿಯಬೇಕು. ಕಲಿಯದವರ ಕೈಗೆ ಯಾವ ತಂದೆಯೂ ದೋಣಿಯ ಹುಟ್ಟು ಕೊಡುತ್ತಿರಲಿಲ್ಲ. ಶನಿವಾರ ಗಂಜಿ ಕುಡಿದು ಮಕ್ಕಳು ಬರುತ್ತಿದ್ದರು. ಒಬ್ಬ ಹಾಯಿಬಟ್ಟೆಯ ಮೇಲೆ ಬೋರಲು ಮಲಗುವುದು, ಇನ್ನೊಬ್ಬ ತಲೆಯ ಕಡೆ ಮೊಣಕಾಲೂರಿ ಬೆನ್ನು ಒತ್ತುವುದು, ಆಮೇಲೆ ಮೊಣಕೈ ಹಿಡಿದು ಮೇಲಕ್ಕೆಳೆಯುವುದು. ಟೋಲೆಫ್ ಎಣಿಸುತ್ತಿದ್ದ. ತಪ್ಪಿಲ್ಲದೆ ಮಾಡಿದವರಿಗೆ ಬಲೆಯ ಬೆಂಡೊಂದರ ಮೇಲೆ ಕಾದ ಕಂಬಿಯಿಂದ ಅವರ ಹೆಸರಿನ ಅಕ್ಷರ ಸುಟ್ಟು ಕೊಡುತ್ತಿದ್ದ. ಅವನೂ ಪಟ್ಟಣಕ್ಕೆ ಹೋಗಿ ಹನ್ನೆರಡು ದಿನ ಇದ್ದು ಕಲಿತು ಬಂದವನೇ. ಅದರ ಸರ್ಟಿಫಿಕೇಟು ಗೋಡೆಯ ಮೇಲೆ ಗಾಜಿನೊಳಗಿತ್ತು. ಇಪ್ಪತ್ತೇಳು ವರ್ಷದಿಂದ ನಾನದರ ಧೂಳು ಒರೆಸುತ್ತಿದ್ದೆ.

ಅದರ ಪಕ್ಕದಲ್ಲೇ ಹಾಲ್ವೊರ್‌ನ ಪಟವಿತ್ತು. ನಮ್ಮ ಮಗ. ಅವನು ಹೋದಾಗ ಒಂಬತ್ತು ವರ್ಷ, ಹೆರ್ಡಿಸ್‌ಗೆ ಹನ್ನೊಂದು.

ಅದನ್ನು ಇಲ್ಲಿ ಹೇಳಿಬಿಡುತ್ತೇನೆ. ಮೇ ತಿಂಗಳ ಬೆಳಿಗ್ಗೆ, ಗಾಳಿಯೇ ಇರಲಿಲ್ಲ. ಕಾಫಿಗೆ ಕೆಟಲಿನಲ್ಲಿ ತಣ್ಣೀರು ಹಾಕಿ ಒಲೆಗಿಟ್ಟೆ. ಸಿರಪ್ ಸವರಿದ ಬ್ರೆಡ್ಡಿನ ತುಂಡನ್ನು ಕಿಟಕಿಯಿಂದಲೇ ಹಾಲ್ವೊರ್‌ನ ಕೈಗೆ ಕೊಟ್ಟೆ. ಅವನು ಅದನ್ನು ಕಚ್ಚಿಕೊಂಡು ದೋಣಿಕಟ್ಟೆಯ ಕಡೆ ಓಡಿದ. ಹೆರ್ಡಿಸ್ ಕಟ್ಟೆಯಲ್ಲಿ ಕೂತು ಮೀನು ಸೀಳುತ್ತಿದ್ದಳು. ನಾನು ಕೈಗೆ ಅಂಟಿದ ಸಿರಪ್ ಒರೆಸಿಕೊಂಡೆ, ಅಷ್ಟೆ. ಹೆರ್ಡಿಸ್ ಕೂಗಿದ್ದು ಕೇಳಿಸಿತು. ಕೆಟಲು ಇನ್ನೂ ಸದ್ದು ಮಾಡತೊಡಗಿರಲಿಲ್ಲ. ಓಡಿಹೋಗಿ ನೋಡಿದರೆ ಅವಳು ನೀರಿನಲ್ಲಿದ್ದಳು. ಒಂದು ಕೈಯಲ್ಲಿ ಕಟ್ಟೆಯ ಕಂಬ ತಬ್ಬಿಕೊಂಡು ಇನ್ನೊಂದರಲ್ಲಿ ತಮ್ಮನ ಅಂಗಿ ಹಿಡಿದಿದ್ದಳು. ಎತ್ತುವ ಶಕ್ತಿ ಅವಳಿಗಿರಲಿಲ್ಲ.

ಟೋಲೆಫ್ ದೋಣಿಮನೆಯಿಂದ ಬಂದವನೇ ನೀರಿಗೆ ಹಾರಿ ಇಬ್ಬರನ್ನೂ ತಂದ. ಹಾಲ್ವೊರ್‌ನನ್ನು ಬೋರಲು ಮಲಗಿಸಿ ಒತ್ತತೊಡಗಿದ. ಸೂಲಗಿತ್ತಿ ಗುರಿನೆ ಓಡಿಬಂದಳು. "ಅಂಗಾತ ಮಲಗಿಸು, ನಾನು ಅವನ ಬಾಯಿಗೆ ಊದ್ತೀನಿ, ಹುಟ್ಟಿದ ಕೂಸಿಗೆ ಊದೋ ಹಾಗೆ" ಎಂದಳು. ಟೋಲೆಫ್, "ಇದು ಕೂಸಲ್ಲ, ಆಚೆ ಹೋಗು" ಎಂದ. ಅವಳು ಹೋಗಲಿಲ್ಲ. ನಾನೇ ಅವಳ ತೋಳು ಹಿಡಿದು ಎಳೆದೆ. ಸರ್ಟಿಫಿಕೇಟು ಇದ್ದದ್ದು ಟೋಲೆಫ್‌ಗೆ. ಎರಡು ಗಂಟೆ ಒತ್ತಿದ. ದ್ವೀಪದ ಜನರೆಲ್ಲ ಟೋಪಿ ತೆಗೆದು ನಿಂತಿದ್ದರು. ಇಷ್ಟು ಚೆನ್ನಾಗಿ ಮಾಡಿದವರನ್ನು ಕಂಡಿಲ್ಲ ಎಂದು ಆಮೇಲೆ ಬಂದ ಡಾಕ್ಟರೂ ಹೇಳಿದರು. ಆ ಮಾತನ್ನು ನಂಬಿಕೊಂಡೇ ಟೋಲೆಫ್ ಮುಂದಿನ ವರ್ಷಗಳಲ್ಲಿ ಊಟ ಮಾಡಿದ, ಮಲಗಿದ, ಬೇರೆಯವರ ಮಕ್ಕಳಿಗೆ ಕಲಿಸಿದ.

ಉನ್ನಿಗೆ ಇದೇನೂ ಗೊತ್ತಿರಲಿಲ್ಲ. ಮಾವ ನೀರಿಗೆ ಬಿದ್ದು ಹೋದ ಅಂತ ಮಾತ್ರ ಗೊತ್ತಿತ್ತು.

ಮರುದಿನ ಹೆರ್ಡಿಸ್ ಮೀನಿನ ಡಬ್ಬಿ ಕಾರ್ಖಾನೆಯಿಂದ ಬಂದವಳು ಕೈ ತೊಳೆಯುವ ಮೊದಲೇ ಆ ಕಾಗದ ತೆಗೆದುಕೊಂಡಳು.

"ನಾನಿನ್ನೂ ಅದಕ್ಕೆ ಒಪ್ಪಿಲ್ಲ" ಎಂದ ಟೋಲೆಫ್.

"ತಾಯಿ ಅಥವಾ ತಂದೆ ಅಂತಿದೆ ಅಪ್ಪ. ಅಜ್ಜ ಅಂತ ಇಲ್ಲ."

"ಈ ಮನೇಲಿ ನನ್ನದೂ ಅಂತ ಒಂದು ಮಾತಿದೆ."

"ಇದೆ. ಆದರೆ ಕ್ಲಾಸಲ್ಲಿ ಇಪ್ಪತ್ತಾರು ಮಕ್ಕಳು ಕಲಿಯೋವಾಗ ಇವಳೊಬ್ಬಳು ಗೋಡೆಗೆ ಒರಗಿ ನಿಲ್ಲಬೇಕಾ?"

"ನನ್ನ ವಿದ್ಯೆಗೆ ಒಬ್ಬ ಮನುಷ್ಯ ಸಾಕು. ಅವರದಕ್ಕೆ ಪೆಟ್ಟಿಗೇಲಿ ಮಲಗೋ ಬೊಂಬೆ ಬೇಕು. ಅದು ಬದುಕಿರಲಿಲ್ಲ, ಸಾಯೋದೂ ಇಲ್ಲ. ಅದನ್ನ ಉಳಿಸಿದ್ರೆಷ್ಟು, ಬಿಟ್ಟರೆಷ್ಟು?"

ಹೆರ್ಡಿಸ್ ರುಜು ಹಾಕಿದಳು. ಕಾಗದದ ಮೂಲೆಗೆ ಮೀನೆಣ್ಣೆ ಹತ್ತಿತು. ಟೋಲೆಫ್ ನನ್ನ ಕಡೆ ನೋಡಿದ. ನಾನು ಒಲೆಯ ಬೂದಿ ಬಳಿಯುತ್ತಿದ್ದೆ.

ಆಮೇಲಿನ ಶನಿವಾರ ದೋಣಿಮನೆಗೆ ನಾಲ್ಕು ಮಕ್ಕಳು ಬಂದರು. ಮುಂದಿನ ಶನಿವಾರ ಅಣ್ಣತಮ್ಮ ಇಬ್ಬರು ಬಂದು, ಒಳಗೆ ಬರದೆ, "ಮೇಷ್ಟ್ರು ಬೇಡ ಅಂದಿದ್ದಾರೆ. ಅಮ್ಮ ಹೋಗಿ ಹೇಳಿ ಬನ್ನಿ ಅಂದ್ಲು" ಎಂದು ಹೇಳಿ ಹೋದರು. ಅದರಾಚೆಯ ಶನಿವಾರ ಯಾರೂ ಇಲ್ಲ. ಟೋಲೆಫ್ ಒಲೆಯಲ್ಲಿ ಕಂಬಿ ಕಾಯಿಸಿಕೊಂಡು ಮೂರು ಗಂಟೆಯವರೆಗೆ ಕೂತಿದ್ದು ಬಂದ.

ಉನ್ನಿ ಒಂದು ದಿನ ತೋಳು ಹರಿದ ಅಂಗಿಯಲ್ಲಿ ಬಂದಳು.

"ಎಲ್ಲಿ ಸಿಕ್ಕಿಸಿಕೊಂಡೆ?" ಎಂದೆ.

"ಓಡ್‌ವಾರ್ ಜೊತೆ ಕ್ಲಾಸಲ್ಲಿ ಜಗಳ ಆಯ್ತು. ನಿಮ್ಮಜ್ಜ ಮಕ್ಕಳಿಗೆ ಹಿಟ್ಟು ನಾದೋದು ಕಲಿಸ್ತಾನೆ ಅಂದ."

"ನೀನೇನಂದೆ?"

"ಏನೂ ಅನ್ನಲಿಲ್ಲ. ಹೊಡೆದೆ."

"ಮನೇಲಿ ನೀನೂ ಅದನ್ನೇ ಹೇಳ್ತೀಯಲ್ಲ."

"ನಾನು ಹೇಳಬಹುದು ಅಜ್ಜಿ. ಅವನ್ಯಾರು?"

ನಾನು ತೋಳು ಹೊಲಿದುಕೊಟ್ಟೆ. ಅವಳು ದಿಂಬು ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದಳು. ಹಣೆಗೆ ಒಂದು ಕೈ, ಗದ್ದಕ್ಕೆ ಒಂದು ಕೈ, ತಲೆ ಇದೆ ಅಂದುಕೊಂಡು ಗಾಳಿಯಲ್ಲೇ. ಟೋಲೆಫ್ ಪೇಪರಿನ ಮೇಲಿನಿಂದ ನೋಡುತ್ತಿದ್ದುದನ್ನು ನಾನು ಕಂಡೆ.

"ತಲೆ ಯಾಕೆ ಅಷ್ಟು ಹಿಂದಕ್ಕೆ?" ಎಂದ ಒಂದು ದಿನ.

"ಉಸಿರು ನಿಂತವರ ನಾಲಿಗೆ ಗಂಟಲಿಗೆ ಬಿದ್ದಿರತ್ತೆ ಅಜ್ಜ. ತಲೆ ಹಿಂದಕ್ಕೆ ಬಾಗಿಸಿದ್ರೆ ದಾರಿ ಬಿಡತ್ತೆ. ಮೂಗು ಹಿಡೀಬೇಕು, ಎದೆ ಏರೋ ತನಕ ಊದಬೇಕು. ಬಿಡಬೇಕು. ಐದು ಎಣಿಸಿ ಮತ್ತೆ."

"ಬೋರಲು ಮಲಗಿಸಿದ್ರೆ?"

"ಬೋರಲಿದ್ರೆ ಹೇಗೆ ಊದ್ತೀಯ?" ಎಂದು ನಕ್ಕಳು.

ಅವನು ಪೇಪರು ಎತ್ತಿಕೊಂಡ.

ನವೆಂಬರ್ ಮೊದಲ ಭಾನುವಾರ ಮಧ್ಯಾಹ್ನ ಪ್ರಾರ್ಥನೆ ಮನೆಯಲ್ಲಿ ದೊಡ್ಡವರಿಗೂ ಬೊಂಬೆ ತೋರಿಸುವುದಿತ್ತು. ಹೆಂಗಸರು ಕಾಫಿ ಮತ್ತು ದೋಸೆಯಂಥ ವಾಫಲು ತಂದಿದ್ದರು. ಟೋಲೆಫ್ ಬರುವುದಿಲ್ಲ ಎಂದಿದ್ದ. ಕೋಟು ಹಾಕಿಕೊಂಡು ನಮಗಿಂತ ಮುಂಚೆ ಹೊರಟ.

ಬೊಂಬೆ ನೆಲದ ಮೇಲೆ ಕಂಬಳಿಯಲ್ಲಿ ಮಲಗಿತ್ತು. ಕಣ್ಣು ಮುಚ್ಚಿದ ಹುಡುಗಿಯ ಮುಖ. ಲುಂಡೆ ಮೇಷ್ಟ್ರು, ಇನ್ನೂ ಮೂವತ್ತು ತುಂಬದ ಹುಡುಗ, "ಟೋಲೆಫ್ ಅವರೇ ಮೊದಲು ಮಾಡಲಿ" ಎಂದರು. ಮರ್ಯಾದೆಗೆಂದೇ ಹೇಳಿದ್ದು. ಟೋಲೆಫ್ ಮೊಣಕಾಲೂರಿ ಊದಿದ. ಬೊಂಬೆಯ ಎದೆ ಏರಲಿಲ್ಲ. ಮತ್ತೆ ಊದಿದ. ಕೆನ್ನೆ ಕೆಂಪಾಯಿತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಉನ್ನಿ ಪಕ್ಕದಲ್ಲಿ ಕೂತು ಅವನ ಕೈಯ ಮೇಲೆ ತನ್ನ ಕೈಯಿಟ್ಟು ಬೊಂಬೆಯ ತಲೆಯನ್ನು ಹಿಂದಕ್ಕೆ ಬಾಗಿಸಿದಳು. "ಈಗ ಊದು ಅಜ್ಜ."

ಎದೆ ಏರಿತು. ಇಳಿಯಿತು. ಅವನು ಇನ್ನೂ ಏಳೆಂಟು ಸಲ ಊದಿದ. ಅಷ್ಟು ಸುಲಭವಾಗಿ ಏರುತ್ತಿತ್ತು. ಆಮೇಲೆ ಮೊಣಕಾಲಿನ ಮೇಲೆಯೇ ಇದ್ದು ಮೇಷ್ಟ್ರನ್ನು ಕೇಳಿದ.

"ಎಷ್ಟು ಹೊತ್ತು ನೀರಲ್ಲಿದ್ದವರಿಗೆ ಇದು ನಡೆಯತ್ತೆ?"

"ಬೇಗ ಶುರು ಮಾಡಬೇಕು. ಎರಡು ಮೂರು ನಿಮಿಷದಲ್ಲಿ ಶುರುಮಾಡಿದ್ರೆ ಬಹಳ ಜನ ಉಳೀತಾರೆ. ಮಕ್ಕಳಂತೂ ಇನ್ನೂ ಹೆಚ್ಚು."

"ಮಕ್ಕಳು."

"ಹೌದು. ಹತ್ತು ನಿಮಿಷ ದಾಟಿದ್ರೆ ಮಾತ್ರ ಯಾರೂ ಏನೂ ಮಾಡೋಕಾಗಲ್ಲ, ಯಾವ ವಿಧಾನದಲ್ಲೂ."

ಹೆರ್ಡಿಸ್ ಕೈಯಲ್ಲಿದ್ದ ಕಾಫಿಯನ್ನು ಕುಡಿಯದೆ ಕಿಟಕಿಯ ಮೇಲಿಟ್ಟಳು.

ಅಂದಿನಿಂದ ಟೋಲೆಫ್ ಊಟ ಬಿಟ್ಟ. ಜಗಳ ಮಾಡಿ ಬಿಟ್ಟಿದ್ದರೆ ನಾನೂ ಜಗಳ ಮಾಡುತ್ತಿದ್ದೆ. ಅವನು ಬಂದು ಕೂರುತ್ತಿದ್ದ, ಪ್ರಾರ್ಥನೆ ಹೇಳುತ್ತಿದ್ದ, ಎರಡು ತುತ್ತು ತಿಂದು ತಟ್ಟೆ ದೂಡುತ್ತಿದ್ದ. ಉಪ್ಪು ಮೀನು ಮಾಡಿದೆ, ಬೇಡ. ಮೀನಿನ ಉಂಡೆ ಬಿಳಿ ಸಾರಿನಲ್ಲಿ ಮಾಡಿದೆ, ಬೇಡ. ಸೌದೆ ಒಡೆಯುವುದು ನಿಂತಿತು, ಉನ್ನಿ ಒಡೆದಳು. ದೋಣಿಯನ್ನು ಚಳಿಗಾಲಕ್ಕೆ ಮೇಲಕ್ಕೆಳೆಯಲಿಲ್ಲ. ಪೆಡೆರ್ ಕುಡಿಯದ ಒಂದು ದಿನ ನೋಡಿಕೊಂಡು ಬಂದು ಎಳೆದುಕೊಟ್ಟ. ಬೆಲ್ಟಿಗೆ ಟೋಲೆಫ್ ಎರಡು ಹೊಸ ತೂತು ಮಾಡಿಕೊಂಡ.

"ಡಾಕ್ಟರಿಗೆ ತೋರಿಸೋಣ" ಎಂದೆ.

"ಏನಂತ ತೋರಿಸ್ತೀಯ?"

ನಾನು ಅವನ ತಟ್ಟೆ ಎತ್ತಿಕೊಂಡೆ. ಅವನೇ ಕೇಳಿದ, "ಗುರಿನೆ ಆವತ್ತು ಹೇಳಿದ್ದು ನಿನಗೆ ನೆನಪಿದೆಯಾ?"

"ಬಹಳ ಜನ ಬಹಳ ಹೇಳಿದ್ರು" ಎಂದೆ.

ಹೆರ್ಡಿಸ್ ಇದನ್ನೆಲ್ಲ ನೋಡುತ್ತಲೇ ಇದ್ದಳು. ಕಾರ್ಖಾನೆಗೆ ಹೋಗುವ ಮೊದಲು ಅವನಿಗೆ ಬ್ರೆಡ್ಡಿನ ಮೇಲೆ ಕಂದು ಚೀಸು ಹಚ್ಚಿ ಮುಚ್ಚಿಟ್ಟು ಹೋಗುತ್ತಿದ್ದಳು. ಸಂಜೆ ಬಂದು ಅದನ್ನು ತಾನೇ ತಿನ್ನುತ್ತಿದ್ದಳು.

ಅವನು ಊಟ ಬಿಟ್ಟ ಮೇಲಿನ ಮೂರನೆಯ ಶನಿವಾರ. ಕಾರ್ಖಾನೆ ಮಧ್ಯಾಹ್ನಕ್ಕೇ ಮುಚ್ಚಿತ್ತು. ಉನ್ನಿ ಗೆಳತಿಯ ಮನೆಗೆ ಹೋಗಿದ್ದಳು. ನಾವು ಮೂವರೇ ಅಕ್ಕಿ ಗಂಜಿಗೆ ಕೂತೆವು. ಟೋಲೆಫ್ ಗಂಜಿಯ ಮೇಲಿನ ಬೆಣ್ಣೆ ಕರಗಿ ಅಂಚಿಗೆ ಹರಿಯುವುದನ್ನು ನೋಡುತ್ತಿದ್ದ.

"ಅಪ್ಪ, ಒಂದು ಮಾತು ಹೇಳಬೇಕು" ಎಂದಳು ಹೆರ್ಡಿಸ್. "ಹಾಲ್ವೊರ್ ಬಿದ್ದಾಗ ನಾನು ಕೂಡಲೇ ಹಾರಲಿಲ್ಲ."

ಅವನು ತಲೆ ಎತ್ತಿದ.

"ನಾನು ನಿಂತೇ ಇದ್ದೆ. ಅವನ ಟೋಪಿ ತೇಲ್ತಿತ್ತು, ಅದನ್ನೇ ನೋಡ್ತಾ ನಿಂತಿದ್ದೆ. ಕೂಗೋಕೂ ಬಾಯಿ ಬರಲಿಲ್ಲ. ಬಹಳ ಹೊತ್ತಾದ ಮೇಲೆ ಹಾರಿದ್ದು, ಆಮೇಲೆ ಕೂಗಿದ್ದು. ಈಗಷ್ಟೇ ಬಿದ್ದ ಅಂತ ನಿಮಗೆ ಸುಳ್ಳು ಹೇಳಿದೆ."

"ಬಹಳ ಹೊತ್ತು ಅಂದ್ರೆ?"

"ಹತ್ತು ನಿಮಿಷ. ಹೆಚ್ಚೇ ಇರಬೇಕು. ನೀನು ಏನು ಮಾಡಿದ್ರೂ, ಬೊಂಬೆ ಮೇಷ್ಟ್ರೇ ಅಲ್ಲಿದ್ರೂ, ಆಗ್ತಿರಲಿಲ್ಲ."

ಅವಳು ಇದನ್ನು ಎಷ್ಟು ದಿನ ಕೂತು ಜೋಡಿಸಿದ್ದಳೋ. ಹಾಲ್ವೊರ್‌ಗೆ ಆವತ್ತು ಟೋಪಿಯೇ ಇರಲಿಲ್ಲ. ಕಿಟಕಿಯಲ್ಲಿ ನಾನೇ ಅವನ ಕೂದಲು ಸರಿಮಾಡಿ ಕಳಿಸಿದ್ದೆ.

ಟೋಲೆಫ್ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದ. "ಮಾಲೆನೆ, ನೀನು ಮನೇಲಿದ್ದೆ. ಅವನು ಇಲ್ಲಿಂದ ಹೋಗಿ ಎಷ್ಟು ಹೊತ್ತಾಗಿತ್ತು?"

ಅವನ ಕುತ್ತಿಗೆ ಕಾಲರಿನೊಳಗೆ ಕೋಲಿನ ಹಾಗೆ ಆಗಿತ್ತು. ಹೆರ್ಡಿಸ್ ನನ್ನನ್ನು ನೋಡಲಿಲ್ಲ, ಗಂಜಿಗೆ ದಾಲ್ಚಿನ್ನಿ ಹಾಕಿಕೊಳ್ಳುತ್ತಿದ್ದಳು, ಬೇಕಾದ್ದಕ್ಕಿಂತ ಹೆಚ್ಚೇ ಹಾಕಿಕೊಳ್ಳುತ್ತಿದ್ದಳು. ನಿಜ ಹೇಳಿದರೆ ಮಗಳು ಉಳಿಯುತ್ತಾಳೆ, ಇವನು ಹೋಗುತ್ತಾನೆ. ನಾನು ಓದಿದವಳಲ್ಲ. ಯಾರನ್ನೂ ಕೇಳುವುದಕ್ಕೆ ಸಮಯ ಇರಲಿಲ್ಲ.

"ಬಹಳ ಹೊತ್ತಾಗಿತ್ತು" ಎಂದೆ. "ಕೆಟಲು ಕುದ್ದು, ಕಾಫಿ ಇಳಿಸಿ, ಎರಡು ಬಟ್ಟಲು ಕುಡಿದಿದ್ದೆ. ಆಮೇಲೆ ಇವಳ ಕೂಗು ಕೇಳಿಸಿದ್ದು."

ಟೋಲೆಫ್ ಚಮಚ ತೆಗೆದುಕೊಂಡ. ಗಂಜಿ ಪೂರ್ತಿ ಉಂಡ. ಇನ್ನಷ್ಟು ಇದೆಯಾ ಎಂದು ಕೇಳಿದ. ನಾನು ಬಡಿಸಿದೆ. ಅದನ್ನೂ ಉಂಡು, ಬಾಯಿ ಒರೆಸಿಕೊಂಡು, "ಮನೇಲಿ ಕೂತು ಎರಡು ಬಟ್ಟಲು ಕಾಫಿ" ಎಂದ, ನನಗಲ್ಲ, ಹೆರ್ಡಿಸ್‌ಗೂ ಅಲ್ಲ. ಎದ್ದು ಸೌದೆ ಒಡೆಯಲು ಹೋದ.

ಪಾತ್ರೆ ತೊಳೆಯುವಾಗ ಹೆರ್ಡಿಸ್ ಕೇಳಿದಳು.

"ಅಮ್ಮ, ಎರಡು ಬಟ್ಟಲು ಕುಡಿದಿದ್ದು ನಿಜನಾ?"

"ನೀನು ಹೇಳಿದ್ದು ನಿಜನಾ?"

"ನಾನು ಕೇಳಿದ್ದಕ್ಕೆ ಹೇಳು."

"ಕುಡಿದಿರಲಿಲ್ಲ. ಕೆಟಲು ಬೆಚ್ಚಗೂ ಆಗಿರಲಿಲ್ಲ."

ಅವಳು ಬಟ್ಟೆಯಲ್ಲಿ ಒಂದೇ ಬಟ್ಟಲನ್ನು ಒರೆಸುತ್ತಾ ಇದ್ದಳು. "ಒಂದು ಗಳಿಗೆ ನನಗೇ ಅನ್ನಿಸಿಬಿಡ್ತು. ನಿಂತಿದ್ದೆನೇನೋ ಅಂತ. ನನಗಾಗ ಹನ್ನೊಂದು ವರ್ಷ."

"ನೀನು ನಿಂತಿರಲಿಲ್ಲ."

"ನಿನಗೆ ಹೇಗೆ ಗೊತ್ತು? ನೀನು ಒಳಗಿದ್ದೆಯಲ್ಲ."

"ಗೊತ್ತು."

"ಹಾಗಾದ್ರೆ ಅಪ್ಪನಿಗೂ ಹೇಳು" ಎಂದಳು. ಹೇಳಿದವಳೇ ಬಟ್ಟೆ ನೇತುಹಾಕಿ, "ಬೇಡ. ಹೇಳಬೇಡ. ಉಣ್ತಿದ್ದಾನೆ" ಎಂದಳು.

ಮುಂದಿನ ವಾರ ಟೋಲೆಫ್ ಶಾಲೆಗೆ ಹೋಗಿ ಮೇಷ್ಟ್ರೊಂದಿಗೆ ಮಾತಾಡಿದ. ಡಿಸೆಂಬರಿನಲ್ಲಿ ಬೊಂಬೆಯನ್ನು ಕೈಗಾಡಿಯಲ್ಲಿಟ್ಟು ದೋಣಿಮನೆಗೆ ತಂದರು. ಶನಿವಾರ ಹನ್ನೊಂದು ಮಕ್ಕಳು ಬಂದರು, ಓಡ್‌ವಾರ್ ಕೂಡ. ಉನ್ನಿ ತೋರಿಸಿಕೊಟ್ಟಳು, ಟೋಲೆಫ್ ಐದೈದು ಎಣಿಸಿದ. "ನಿಧಾನ. ಎದೆ ನೋಡು, ನನ್ನ ಮುಖ ನೋಡಬೇಡ." ಹಳೆಯ ಬೆಂಡು ಪಡೆದವರೂ ಮತ್ತೆ ಬಂದು ಕಲಿತರು. ಹಳೆಯದರಲ್ಲಿ ಕೈಕಾಲು ನೋವು, ಹೊಸದರಲ್ಲಿ ಸ್ಪಿರಿಟಿನ ರುಚಿ ಎಂದು ಪೆಡೆರ್ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಬೆಲ್ಟಿನ ಹೊಸ ತೂತುಗಳು ಬೇಡವಾದವು. ಉನ್ನಿ ಅಜ್ಜನ ಕೈ ಹಿಡಿದುಕೊಂಡೇ ಊರೆಲ್ಲ ಓಡಾಡಿದಳು.

ಟೋಲೆಫ್ ಹೆರ್ಡಿಸ್‌ಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಹನ್ನೊಂದು ವರ್ಷದ ಮಗು, ಹೆದರಿತ್ತು, ಅಷ್ಟೇ ಎಂದು ನನ್ನ ಹತ್ತಿರ ಒಮ್ಮೆ ತಾನಾಗಿಯೇ ಹೇಳಿದ. ನ್ಯಾಯವಂತ ಮನುಷ್ಯ. ಆದರೆ ಅವಳು ಕೋಣೆಗೆ ಬಂದರೆ ಅವನು ಪೇಪರು ಎತ್ತಿಕೊಳ್ಳುತ್ತಿದ್ದ. ಉಪ್ಪು ಅವಳ ಕೈಯ ಹತ್ತಿರವೇ ಇದ್ದರೂ "ಮಾಲೆನೆ, ಉಪ್ಪು" ಎನ್ನುತ್ತಿದ್ದ. ನಾನು ಎರಡು ಸಲ ಬಾಯಿ ತೆರೆದೆ. ಒಂದು ಸಲ ಅವನು ನಗುತ್ತಾ ಮಕ್ಕಳ ಹೆಸರಿನ ಅಕ್ಷರ ಸುಡುತ್ತಿದ್ದ. ಇನ್ನೊಂದು ಸಲ ಹಾಲ್ವೊರ್‌ನ ಪಟ ಒರೆಸಿ ಗೋಡೆಗೆ ಹಾಕುತ್ತಿದ್ದ. ಎರಡು ಸಲವೂ ಬೇರೇನೋ ಹೇಳಿ ಮುಗಿಸಿದೆ.

ಗುರುವಾರಗಳಂದು ಹೆರ್ಡಿಸ್ ಬೇಗ ಬಂದರೆ ಅವಳೇ ಬಡಿಸುತ್ತಾಳೆ. ಅಪ್ಪನ ತಟ್ಟೆಗೆ ಮೂರು ಕಡುಬು, ಮಾಂಸದ ಒಳ್ಳೆಯ ತುಂಡು ಹಾಕಿ, ಅವನ ಮುಂದೆ ಇಡುತ್ತಾಳೆ. ಅವನು ಕೈ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾನೆ. ನಾನು ಆ ತಟ್ಟೆಯನ್ನು ಒಂದು ಬೆರಳಿನಷ್ಟು ಅವನ ಕಡೆಗೆ ಸರಿಸುತ್ತೇನೆ. ಆಮೇಲೆ ಉಣ್ಣುತ್ತಾನೆ. ಮೊದಮೊದಲು ಹೆರ್ಡಿಸ್ ಅದನ್ನು ಕಂಡೂ ಕಾಣದ ಹಾಗೆ ಇರುತ್ತಿದ್ದಳು. ಈಗ ತಟ್ಟೆಯಿಟ್ಟು, ಕೈ ಒರೆಸಿಕೊಂಡು, ನಾನು ಸರಿಸುವುದನ್ನು ಕಾಯುತ್ತಾ ನಿಲ್ಲುತ್ತಾಳೆ.